ಸಿಹಿ ಮುಟ್ಟದವರ ಸಕ್ಕರೆ ಕಾಯಿಲೆ: ಬೆಳ್ಳೂರಿನ ಟಿಪ್ಪಣಿಗಳು

ಎರಡು ಸೀಮೆ, ಒಂದು ಕಾಯಿಲೆ

ಬೆಳ್ಳೂರು ಕ್ರಾಸಿನಿಂದ ದಕ್ಷಿಣಕ್ಕೆ ಹೊರಟರೆ ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ ಒಂದರ ಹಿಂದೆ ಒಂದು ಬರುತ್ತವೆ. ಬೆಳ್ಳೂರಿನ ಸುತ್ತಮುತ್ತ ಮಳೆ ನಂಬಿದ ನೆಲ. ರಾಗಿ, ಹುರುಳಿ, ಅವರೆ, ತೆಂಗು. ಕೆಳಕ್ಕೆ ಇಳಿದಂತೆ ಕನ್ನಂಬಾಡಿ ಕಟ್ಟೆಯ ನೀರು, ನಾಲೆ, ಗದ್ದೆ, ಕಬ್ಬು, ಆಲೆಮನೆ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ ಮೇಲೆ ಜಿಲ್ಲೆಗೆ ಸಕ್ಕರೆ ನಾಡೆಂಬ ಹೆಸರೇ ನಿಂತಿತು. ಕಬ್ಬಿನ ಸೀಮೆಯಲ್ಲಿ ಸಕ್ಕರೆ ಕಾಯಿಲೆ ಇದೆಯೆಂದರೆ ಕೇಳಿದವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ನನಗೆ ಬಗೆಹರಿಯದೆ ಉಳಿದದ್ದು ಒಣ ಸೀಮೆಯ ಸಂಗತಿ. ಎರಡು ಹೊತ್ತು ಮುದ್ದೆ ಉಂಡು ಸೊಪ್ಪಿನ ಸಾರು ಹೀರುವ ಊರಿನಲ್ಲೂ ಔಷಧಿ ಅಂಗಡಿಯಲ್ಲಿ ಹೆಚ್ಚು ಜನ ಕೇಳುವುದು ಶುಗರ್ ಮಾತ್ರೆಯನ್ನೇ.

ಬೆಳ್ಳೂರಿನ ಪಕ್ಕದ ಬಿ.ಜಿ. ನಗರದಲ್ಲಿ 1986ರಿಂದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿದೆ. ಅದರ ಆಸ್ಪತ್ರೆಗೆ ಸುತ್ತಲ ತಾಲ್ಲೂಕುಗಳ ಜನ ಬರುತ್ತಾರೆ. ಅಲ್ಲಿ ಚೀಟಿ ಹಿಡಿದು ಕೂತ ಇಬ್ಬರು ಹೆಂಗಸರ ಮಾತು ನನ್ನ ಟಿಪ್ಪಣಿಯಲ್ಲಿ ಹೀಗಿದೆ:

"ನಿಂಗೆಷ್ಟು ಬಂದದೆ ಕಣವ್ವ?"

"ಇನ್ನೂರಾ ಎಂಬತ್ತು ಕಣಕ್ಕ. ಒಂದು ಚೂರು ಬೆಲ್ಲನೂ ಬಾಯಿಗೆ ಹಾಕಕಿಲ್ಲ ನಾನು. ಎಲ್ಲಿಂದ ಬಂತೋ ಕಾಣೆ."

ಈ ಕೊನೆಯ ಮಾತಿಗೆ ಉತ್ತರ ಹುಡುಕುತ್ತ ಹೋದಾಗ ಸಿಕ್ಕಿದ್ದನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ.

ಸಿಹಿಯ ಮಾತೇ ಇಲ್ಲದ ಪ್ರಶ್ನೆಪಟ್ಟಿ

ಚೆನ್ನೈನ ಡಾ. ವಿ. ಮೋಹನ್ ಮತ್ತು ಅವರ ಸಂಗಡಿಗರು 2005ರಲ್ಲಿ ಭಾರತೀಯರಿಗೆಂದು ಒಂದು ಅಪಾಯ ಸೂಚಿಯನ್ನು ಮುಂದಿಟ್ಟರು. ಅದರಲ್ಲಿ ಇರುವುದು ನಾಲ್ಕೇ ಪ್ರಶ್ನೆ. ವಯಸ್ಸು ಎಷ್ಟು? 35 ದಾಟಿದರೆ 20 ಅಂಕ, 50 ದಾಟಿದರೆ 30. ಸೊಂಟದ ಸುತ್ತಳತೆ ಎಷ್ಟು? ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮುಟ್ಟಿದರೆ 10 ಅಂಕ, ಅದರ ಮೇಲೆ ಇನ್ನೂ ಹತ್ತು ಸೆಂಟಿಮೀಟರ್ ಏರಿದರೆ 20. ಮೈ ಬಗ್ಗಿಸಿ ದುಡಿಯುತ್ತೀರಾ, ವ್ಯಾಯಾಮ ಮಾಡುತ್ತೀರಾ? ಎರಡೂ ಇಲ್ಲದಿದ್ದರೆ 30, ಒಂದಿದ್ದರೆ 20, ಎರಡೂ ಇದ್ದರೆ ಸೊನ್ನೆ. ತಂದೆತಾಯಿಗೆ ಈ ಕಾಯಿಲೆ ಇತ್ತೆ? ಒಬ್ಬರಿಗಿದ್ದರೆ 10, ಇಬ್ಬರಿಗೂ ಇದ್ದರೆ 20. ಒಟ್ಟು 60 ಅಥವಾ ಅದಕ್ಕಿಂತ ಹೆಚ್ಚಾದರೆ ರಕ್ತಪರೀಕ್ಷೆ ತಪ್ಪಿಸಬಾರದು.

ನಾನು ಈ ಪಟ್ಟಿಯನ್ನು ಮತ್ತೆ ಮತ್ತೆ ಓದಿದೆ. ಸಿಹಿ ತಿನ್ನುತ್ತೀರಾ ಎಂಬ ಪ್ರಶ್ನೆ ಅದರಲ್ಲಿಲ್ಲ. ಟೀಗೆ ಎಷ್ಟು ಚಮಚ ಎಂಬುದೂ ಇಲ್ಲ. ಕೇಳಿರುವುದೆಲ್ಲ ಹೊಟ್ಟೆಯ ಕೊಬ್ಬು, ದುಡಿಮೆ, ವಯಸ್ಸು ಮತ್ತು ಮನೆತನದ ವಿಚಾರ. ಸಿಹಿ ಎಷ್ಟು ತಿಂದರೂ ನಡೆಯುತ್ತದೆ ಎಂದು ಇದರರ್ಥವಲ್ಲ. ಆದರೆ ಊರವರು ಕಾಯಿಲೆಯ ಬೇರನ್ನು ಹುಡುಕುವ ಜಾಗ ಒಂದು, ಬೇರು ಇರುವ ಜಾಗ ಇನ್ನೊಂದು ಎಂದು ನನಗೆ ಮೊದಲು ಅನ್ನಿಸಿದ್ದು ಈ ಪಟ್ಟಿ ಓದಿದಾಗ.

ಮುದ್ದೆಯ ಲೆಕ್ಕ

"ಶುಗರ್ ಬಂದದೆ, ಅನ್ನ ಬುಟ್ಟು ಮುದ್ದೆ ಜಾಸ್ತಿ ಮಾಡ್ಕಂಡಿವ್ನಿ" ಎಂದು ಹೇಳುವ ಯಜಮಾನರು ಈ ಭಾಗದಲ್ಲಿ ಮನೆಗೊಬ್ಬರು ಸಿಗುತ್ತಾರೆ. ರಾಗಿಯ ಮೇಲಿನ ಈ ನಂಬಿಕೆಗೆ ಆಧಾರವಿದೆ. ನೂರು ಗ್ರಾಂ ರಾಗಿಯಲ್ಲಿ ನಾರಿನಂಶ ಸುಮಾರು 11 ಗ್ರಾಂ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ರಾಗಿಯ ಸುಣ್ಣದಂಶ 350 ಮಿಲಿಗ್ರಾಂ ದಾಟುತ್ತದೆ, ಅಕ್ಕಿಯದು ಹತ್ತರ ಆಸುಪಾಸು. ಈ ಧಾನ್ಯಕ್ಕಾಗಿ ಬಾಳನ್ನೇ ತೆತ್ತವರು ಇದೇ ಜಿಲ್ಲೆಯಲ್ಲಿದ್ದರು. ಆಫ್ರಿಕದ ತಳಿಯನ್ನು ನಮ್ಮ ತಳಿಯೊಂದಿಗೆ ಕೂಡಿಸಿ ಇಂಡಾಫ್ ರಾಗಿ ಕೊಟ್ಟ ಲಕ್ಷ್ಮಣಯ್ಯನವರು ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದವರು. ರೈತರು ಅವರನ್ನು ರಾಗಿ ಬ್ರಹ್ಮ ಎಂದು ಕರೆದದ್ದು ಸುಮ್ಮನೆ ಅಲ್ಲ.

ನಾನು ತೊಡಕಿಗೆ ಬಿದ್ದದ್ದು ಪ್ರಮಾಣದ ವಿಷಯದಲ್ಲಿ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಪಿಷ್ಟವೇ ಸುಮಾರು 67 ಗ್ರಾಂ ಇದೆ, ಅಕ್ಕಿಯಲ್ಲಿ 78. ವ್ಯತ್ಯಾಸ ಇದೆ, ಆದರೆ ಜನ ಅಂದುಕೊಂಡಷ್ಟು ಇಲ್ಲ. ಒಂದು ದೊಡ್ಡ ಮುದ್ದೆಗೆ ನೂರು ಗ್ರಾಂ ಹಿಟ್ಟು ಸಲೀಸಾಗಿ ಹಿಡಿಯುತ್ತದೆ. ಎರಡು ಮುದ್ದೆ ನುಂಗಿ ಕೊನೆಗೆ ಒಂದು ಸೌಟು ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡರೆ ಪಿಷ್ಟ ನೂರೈವತ್ತು ಗ್ರಾಂ ಮೀರುತ್ತದೆ. ಹೊಟ್ಟೆಗೆ ಹೋದ ಪಿಷ್ಟವೆಲ್ಲ ಕೊನೆಗೆ ಗ್ಲೂಕೋಸ್ ಆಗಿ ರಕ್ತ ಸೇರಬೇಕು. ಹಿಟ್ಟನ್ನು ನುಣ್ಣಗೆ ಬೀಸಿ ಜರಡಿ ಹಿಡಿದಷ್ಟೂ ಅದು ಬೇಗ ಸೇರುತ್ತದೆ.

ಈ ಗೊಂದಲಕ್ಕೆ ಉತ್ತರದಂತೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರವ್ಯಾಪಿ ಅಧ್ಯಯನದ ಒಂದು ಭಾಗ 2025ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಭಾರತೀಯರ ಊಟದ ಶಕ್ತಿಯಲ್ಲಿ ನೂರಕ್ಕೆ 62 ಪಾಲು ಬರುವುದು ಪಿಷ್ಟ ಮತ್ತು ಸಕ್ಕರೆಯಿಂದ. ಅಕ್ಕಿ ಬಿಟ್ಟು ಗೋಧಿ ಹಿಟ್ಟಿಗೋ ಸಿರಿಧಾನ್ಯದ ಹಿಟ್ಟಿಗೋ ಹೋದ ಮಾತ್ರಕ್ಕೆ ಅಪಾಯ ಇಳಿದಂತೆ ಕಾಣಲಿಲ್ಲ. ಒಟ್ಟು ಧಾನ್ಯವನ್ನು ಕಡಿಮೆ ಮಾಡಿ ಆ ಜಾಗಕ್ಕೆ ಕಾಳು, ಬೇಳೆ, ಹಾಲು, ಮೊಸರಿನ ಪ್ರೋಟೀನ್ ತಂದಾಗ ಅಪಾಯ ಇಳಿಯುವ ಸೂಚನೆ ಸಿಕ್ಕಿತು.

ಬೆಳ್ಳೂರಿನ ಅಡುಗೆಮನೆಗೆ ಇದು ಹೊಸ ಪಾಠವೇ ಅಲ್ಲ. ಬಸ್ಸಾರು, ಉಪ್ಸಾರು, ಮಸ್ಸೊಪ್ಪು, ಹುರುಳಿಕಾಳು ಸಾರು, ಹಿತಕಿದ ಅವರೆಬೇಳೆ ಎಲ್ಲವೂ ಕಾಳು ಸೊಪ್ಪಿನ ಅಡುಗೆಗಳೇ. ನೂರು ಗ್ರಾಂ ಹುರುಳಿಯಲ್ಲಿ 20 ಗ್ರಾಂಗೂ ಹೆಚ್ಚು ಪ್ರೋಟೀನ್ ಇದೆ. ಆದರೆ ಎಷ್ಟೋ ಮನೆಗಳಲ್ಲಿ ಬಸಿದ ಕಟ್ಟು ತಟ್ಟೆಗೆ ಬೀಳುವಷ್ಟು ಧಾರಾಳವಾಗಿ ಕಾಳು ಬೀಳುವುದಿಲ್ಲ. ಕಾಳು ಸೊಪ್ಪಿನ ಪಲ್ಯ ನೆಂಚಿಕೊಳ್ಳಲು ಒಂದು ಹಿಡಿ ಇದ್ದರೆ ಮುಗಿಯಿತು. ಮನೆಯ ಹಾಲು ಡೇರಿಗೆ ಹೋಗುತ್ತದೆ, ತಟ್ಟೆಯಲ್ಲಿ ಮುದ್ದೆ ದೊಡ್ಡದಾಗುತ್ತದೆ. ಮುದ್ದೆಯನ್ನು ಅರ್ಧಕ್ಕೆ ಇಳಿಸಿ ಪಲ್ಯವನ್ನು ಬಟ್ಟಲು ತುಂಬ ಬಡಿಸಿಕೊಂಡರೆ ಅಜ್ಜಿಯ ಅಡುಗೆಯೇ ಪಥ್ಯವಾಗುತ್ತದೆ. ಈ ಒಂದು ಬದಲಾವಣೆ ಇಷ್ಟು ಕಷ್ಟವೇಕೆ ಎಂದು ಕೇಳಿದರೆ, "ಮುದ್ದೆ ಕಮ್ಮಿ ಉಂಡ್ರೆ ಉಂಡಂಗೇ ಆಗಕಿಲ್ಲ" ಎನ್ನುತ್ತಾರೆ. ಹಸಿವು ಕಂಡ ತಲೆಮಾರಿನ ಮಾತು ಅದು. ಅದನ್ನು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಬೆಲ್ಲದ ಮೇಲಿನ ಭರವಸೆ

"ಬೆಲ್ಲ ಆಯ್ತದೆ, ಸಕ್ಕರೆ ಆಗಕಿಲ್ಲ." ಆಲೆಮನೆಗಳ ಜಿಲ್ಲೆಯಲ್ಲಿ ಈ ಮಾತು ಹುಟ್ಟುವುದು ಸಹಜ. ಬೆಲ್ಲ ಮಂಡ್ಯದ ಹೆಮ್ಮೆ, ಒಂದು ಜಿಲ್ಲೆ ಒಂದು ಉತ್ಪನ್ನ ಯೋಜನೆಯಲ್ಲಿ ಜಿಲ್ಲೆಯ ಪಾಲಿಗೆ ಬಂದದ್ದೂ ಅದೇ. ಬೆಲ್ಲದಲ್ಲಿ ಒಂದಿಷ್ಟು ಖನಿಜಗಳಿವೆ, ನಿಜ. ಆದರೆ ಅದರ ಬಹುಪಾಲು ಸಕ್ಕರೆಯಲ್ಲಿರುವ ಸುಕ್ರೋಸೇ. ರಕ್ತಕ್ಕೆ ಇಳಿದ ಮೇಲೆ ಅದು ಆಲೆಮನೆಯಿಂದ ಬಂತೋ ಕಾರ್ಖಾನೆಯಿಂದ ಬಂತೋ ಮೈಗೆ ಗೊತ್ತಾಗುವುದಿಲ್ಲ. ಜೇನುತುಪ್ಪದ ಮಾತೂ ಇಷ್ಟೇ. ಕಾಯಿಲೆ ಇರುವವರು ಬೆಲ್ಲದ ಟೀ ಕುಡಿದು ನಿಶ್ಚಿಂತೆಯಿಂದ ಇರುವುದನ್ನು ಕಂಡಾಗಲೆಲ್ಲ ಇದನ್ನು ಯಾರಾದರೂ ಮೊದಲೇ ಹೇಳಬಾರದಿತ್ತೆ ಎನ್ನಿಸುತ್ತದೆ.

ನೇಗಿಲು ಹೋಯಿತು, ಮುದ್ದೆ ಉಳಿಯಿತು

ಎಪ್ಪತ್ತು ದಾಟಿದ ರೈತರೊಬ್ಬರು ತಮ್ಮ ಪ್ರಾಯದ ದಿನವನ್ನು ವಿವರಿಸಿದರು. ಕೋಳಿ ಕೂಗುವ ಮುಂಚೆ ಏಳುವುದು, ಎತ್ತು ಹೊಡೆದುಕೊಂಡು ಹೊಲಕ್ಕೆ ನಡೆಯುವುದು, ಬಿಸಿಲೇರುವ ತನಕ ಉಳುವುದು. ಮನೆಯಲ್ಲಿ ಹೆಂಗಸರು ಬೀಸೋಕಲ್ಲು ತಿರುಗಿಸಿ, ಭತ್ತ ಕುಟ್ಟಿ, ಬಾವಿಯಿಂದ ನೀರು ಸೇದಿ ಹೊರುವುದು. ಅನ್ನವೆಂಬುದು ಹಬ್ಬಕ್ಕೆ, ನೆಂಟರು ಬಂದಾಗ. ಈಗ ಉಳುಮೆ ಟ್ರಾಕ್ಟರಿನದು, ಹಿಟ್ಟು ಮಿಲ್ಲಿನದು, ನೀರು ಮೋಟಾರಿನದು. ಹೊಲಕ್ಕೆ ಹೋಗುವುದು ಬೈಕಿನಲ್ಲಿ. ಈ ಬದಲಾವಣೆಯಲ್ಲಿ ತಪ್ಪೇನಿಲ್ಲ. ಬೀಸೋಕಲ್ಲಿನ ಮುಂದೆ ಸವೆದ ಹೆಂಗಸರ ಭುಜಗಳನ್ನು ನೆನೆದರೆ ಮಿಲ್ಲು ಬಂದದ್ದೇ ಪುಣ್ಯ.

ಆದರೆ ದೇಹದ ಲೆಕ್ಕ ಬೇರೆಯೇ ಇದೆ. ಉಂಡ ಮೇಲೆ ರಕ್ತಕ್ಕೆ ಬಂದ ಗ್ಲೂಕೋಸಿನ ದೊಡ್ಡ ಪಾಲನ್ನು ಎಳೆದುಕೊಳ್ಳುವುದು ಸ್ನಾಯುಗಳು. ದುಡಿಯುತ್ತಿರುವ ಸ್ನಾಯು ಇನ್ಸುಲಿನ್ನಿಗೆ ಕಾಯದೆಯೂ ಗ್ಲೂಕೋಸನ್ನು ಒಳಗೆ ತೆಗೆದುಕೊಳ್ಳಬಲ್ಲದು. ಸ್ನಾಯು ಸುಮ್ಮನೆ ಕೂತಾಗ ಆ ಕೆಲಸವೆಲ್ಲ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಮೇಲೆ ಬೀಳುತ್ತದೆ. ಹೊಟ್ಟೆಯ ಸುತ್ತ ಕೊಬ್ಬು ಸೇರಿದಂತೆ ಇನ್ಸುಲಿನ್ ಮಾತನ್ನು ಮೈ ಕೇಳುವುದೂ ಕಡಿಮೆಯಾಗುತ್ತದೆ. ಗ್ರಂಥಿ ವರ್ಷಗಟ್ಟಲೆ ಹೆಚ್ಚು ದುಡಿದು ದಣಿದ ಮೇಲೆ ರಕ್ತದಲ್ಲಿ ಸಕ್ಕರೆ ನಿಲ್ಲುತ್ತದೆ. ನೇಗಿಲ ಹಿಂದೆ ನಡೆದವನಿಗೆ ಬೇಕಾಗಿದ್ದ ಮುದ್ದೆಯನ್ನು ಅಂಗಡಿಯಲ್ಲಿ ಕೂತ ಮಗನೂ ಉಣ್ಣುತ್ತಿದ್ದಾನೆ. ಸಿಹಿ ಮುಟ್ಟದ ಆ ತಾಯಿಯ ಪ್ರಶ್ನೆಗೆ ಉತ್ತರದ ಅರ್ಧ ಇಲ್ಲಿದೆ.

ಉಂಡ ಕೂಡಲೇ ಒರಗಿಕೊಳ್ಳದೆ ಹತ್ತು ಹದಿನೈದು ನಿಮಿಷ ಅಡ್ಡಾಡಿದರೆ ಸಕ್ಕರೆಯ ಏರಿಕೆ ತಗ್ಗುತ್ತದೆ. ವಾರಕ್ಕೆ 150 ನಿಮಿಷ ಚುರುಕು ನಡಿಗೆ ಬೇಕೆನ್ನುತ್ತಾರೆ ವೈದ್ಯರು. ಇದರ ಫಲ ಅಳೆದು ನೋಡಿದ್ದೂ ಇದೆ. ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ ಕಾಯಿಲೆಯ ಹೊಸ್ತಿಲಲ್ಲಿದ್ದವರನ್ನು ವರ್ಷಗಟ್ಟಲೆ ಹಿಂಬಾಲಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಊಟ ಮತ್ತು ನಡಿಗೆ ತಿದ್ದಿಕೊಂಡವರಲ್ಲಿ ಕಾಯಿಲೆ ಹತ್ತುವುದು ನೂರಕ್ಕೆ 28ರಷ್ಟು ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರಲ್ಲಿ 26ರಷ್ಟು. ಅಂದರೆ ಹೊಸ್ತಿಲಲ್ಲಿರುವವರಿಗೆ ಊಟ ನಡಿಗೆ ತಿದ್ದಿಕೊಳ್ಳುವುದು ಮಾತ್ರೆಗೆ ಸರಿಸಮ.

ಮೈಸೂರಿನ ಹೆರಿಗೆ ದಾಖಲೆ

ಉತ್ತರದ ಉಳಿದರ್ಧ ಸಿಕ್ಕಿದ್ದು ಶ್ರೀರಂಗಪಟ್ಟಣ ದಾಟಿದರೆ ಬರುವ ಮೈಸೂರಿನಲ್ಲಿ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಮಿಷನ್ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡುತ್ತಿದ್ದರು. ಆ ಮಕ್ಕಳು ನಡುವಯಸ್ಸು ದಾಟಿದ ಮೇಲೆ, 1990ರ ದಶಕದಲ್ಲಿ, ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಕ್ಯಾರೊಲಿನ್ ಫಾಲ್ ಮತ್ತು ಇಲ್ಲಿನ ವೈದ್ಯರು ಅವರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಉದ್ದ ಕಡಿಮೆಯಿದ್ದು ಅದಕ್ಕೆ ಹೋಲಿಸಿದರೆ ತೂಕ ಹೆಚ್ಚಿದ್ದ ಮಕ್ಕಳಲ್ಲಿ ಮುಂದೆ ಸಕ್ಕರೆ ಕಾಯಿಲೆ ಹೆಚ್ಚು ಕಂಡಿತು. ಅವರ ತಾಯಂದಿರ ತೂಕವೂ ಹೆಚ್ಚಿತ್ತು.

ಅದೇ ಆಸ್ಪತ್ರೆಯಲ್ಲಿ 1997ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಪಾರ್ಥಿನಾನ್ ಎಂಬ ಇನ್ನೊಂದು ಅಧ್ಯಯನ ಶುರುವಾಯಿತು. ಡಾ. ಜಿ.ವಿ. ಕೃಷ್ಣವೇಣಿ ಅದನ್ನು ದಶಕಗಳ ಕಾಲ ನಡೆಸಿದರು. ನೂರಕ್ಕೆ ಸುಮಾರು ಆರು ಬಸುರಿಯರಲ್ಲಿ ಗರ್ಭಾವಸ್ಥೆಯ ಮಧುಮೇಹ ಸಿಕ್ಕಿತು. ಅವರ ಮಕ್ಕಳನ್ನು ಐದನೆಯ ವಯಸ್ಸಿನಲ್ಲಿ, ಮತ್ತೆ ಒಂಬತ್ತೂವರೆಯಲ್ಲಿ ನೋಡಿದಾಗ, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ, ಮೈಯ ಕೊಬ್ಬೂ ಇನ್ಸುಲಿನ್ ಮಟ್ಟವೂ ಹೆಚ್ಚಿದ್ದವು. ತಾಯಿಯ ರಕ್ತದ ಗ್ಲೂಕೋಸ್ ಮಾಸಿನ ಮೂಲಕ ಮಗುವಿಗೆ ದಾಟುತ್ತದೆ, ಅವಳ ಇನ್ಸುಲಿನ್ ದಾಟುವುದಿಲ್ಲ. ಮಗು ಗರ್ಭದಲ್ಲೇ ಹೆಚ್ಚು ಇನ್ಸುಲಿನ್ ಸುರಿಸಲು ಶುರುಮಾಡುತ್ತದೆ.

ಇದನ್ನು ಓದಿದ ದಿನ ನನ್ನ ಪ್ರಶ್ನೆಯ ಆಕಾರವೇ ಬದಲಾಯಿತು. ಐವತ್ತು ವರ್ಷದ ಹೆಂಗಸು ಎಲ್ಲಿಂದ ಬಂತು ಎಂದು ಕೇಳುವಾಗ ಅವಳ ತಾಯಿಯ ಬಸುರಿನ ತನಕ ಹಿಂದೆ ಹೋಗಬೇಕಾಗುತ್ತದೆ. ಮುಂದೆ ಅವಳ ಮಗಳ ಬಸುರಿನ ತನಕ ಹೋಗಬೇಕಾಗುತ್ತದೆ. ಬಸುರಿಯರಿಗೆ ಮೊದಲ ಭೇಟಿಯಲ್ಲೂ 24ರಿಂದ 28ನೆಯ ವಾರದೊಳಗೆ ಇನ್ನೊಮ್ಮೆಯೂ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ನೋಡಬೇಕೆಂದು ಸರ್ಕಾರದ ನಿಯಮವಿದೆ. 140 ಮುಟ್ಟಿದರೆ ಎಚ್ಚರ. ಸೀಮಂತದ ಸಿಹಿಗೆ ತೋರುವ ಕಾಳಜಿಯನ್ನು ಈ ಪರೀಕ್ಷೆಗೂ ತೋರಬೇಕು. ಅದು ಒಂದೇ ಸಲಕ್ಕೆ ಎರಡು ತಲೆಮಾರನ್ನು ಕಾಯುತ್ತದೆ.

ನೋವು ಕೊಡದ ಕಾಯಿಲೆ

ವೈದ್ಯಕೀಯ ಸಂಶೋಧನಾ ಮಂಡಳಿಯ ಅದೇ ರಾಷ್ಟ್ರವ್ಯಾಪಿ ಅಧ್ಯಯನದ 2023ರ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ಹಳ್ಳಿಗಳಲ್ಲಿ ವಯಸ್ಕರ ಪೈಕಿ ನೂರಕ್ಕೆ ಸುಮಾರು ಒಂಬತ್ತು ಮಂದಿ. ಇನ್ನೂ 13 ಕೋಟಿಗೂ ಮಿಕ್ಕಿ ಜನ ಹೊಸ್ತಿಲಲ್ಲಿದ್ದಾರೆ. ಇವರಲ್ಲಿ ಎಷ್ಟೋ ಜನರಿಗೆ ತಮ್ಮ ಸ್ಥಿತಿ ಗೊತ್ತಿಲ್ಲ. ಹಲ್ಲುನೋವು ಬಂದರೆ ರಾತ್ರಿಯೇ ಓಡುವ ಜನ ಇದಕ್ಕೆ ವರ್ಷಗಟ್ಟಲೆ ಹೋಗದೆ ಇರುವುದೇಕೆ ಎಂದು ಯೋಚಿಸಿದರೆ ಕಾರಣ ಸರಳ. ಇದು ನೋಯುವುದಿಲ್ಲ. ಹೆಚ್ಚು ಬಾಯಾರಿಕೆ, ಪದೇ ಪದೇ ಮೂತ್ರ, ಸುಸ್ತು ಕಾಣುವ ಹೊತ್ತಿಗೆ ಸಕ್ಕರೆ ಬಹಳ ಮೇಲೇರಿರುತ್ತದೆ. ಕಣ್ಣಿನ ಪರದೆ, ಮೂತ್ರಪಿಂಡ, ಪಾದದ ನರಗಳು ಸದ್ದಿಲ್ಲದೆ ಸವೆಯುತ್ತವೆ.

ಆದ್ದರಿಂದ ನಂಬಬೇಕಾದದ್ದು ಸಂಖ್ಯೆಗಳನ್ನು. ಬರಿಹೊಟ್ಟೆಯಲ್ಲಿ 100ರೊಳಗೆ ಸರಿ, 100ರಿಂದ 125 ಹೊಸ್ತಿಲು, 126ರಿಂದ ಮೇಲೆ ಕಾಯಿಲೆ. ಎಚ್‌ಬಿಎ1ಸಿ ಎಂಬ ಮೂರು ತಿಂಗಳ ಸರಾಸರಿಯ ಪರೀಕ್ಷೆಯಲ್ಲಿ 5.7ರಿಂದ 6.4 ಹೊಸ್ತಿಲು, 6.5ರಿಂದ ಕಾಯಿಲೆ. ಲಕ್ಷಣಗಳಿಲ್ಲದವರಿಗೆ ಇನ್ನೊಮ್ಮೆ ಪರೀಕ್ಷಿಸಿಯೇ ವೈದ್ಯರು ಖಚಿತಪಡಿಸುತ್ತಾರೆ. ಸರಾಸರಿಯ ಈ ಪರೀಕ್ಷೆ ಯಾಕೆ ಬೇಕೆಂದು ಇಲ್ಲಿನವರಿಗೆ ಡೇರಿಯ ಉದಾಹರಣೆ ಕೊಟ್ಟರೆ ಕೂಡಲೇ ತಿಳಿಯುತ್ತದೆ: ಒಂದು ಬೆಳಗಿನ ಫ್ಯಾಟ್ ನೋಡಿ ಹದಿನೈದು ದಿನದ ಬಟವಾಡೆ ಹೇಳಲಾಗದು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅದಕ್ಕೆ ಅಂಟಿದ ಸಕ್ಕರೆಯನ್ನು ಅಳೆದರೆ ಮೂರು ತಿಂಗಳ ಸರಾಸರಿ ಸಿಗುತ್ತದೆ. ಆಸ್ಪತ್ರೆಗೆ ಹೋಗುವ ಮುಂಚಿನ ಎರಡು ದಿನ ಮಾತ್ರ ಪಥ್ಯ ಮಾಡಿದ್ದು ಅಲ್ಲಿ ಬಯಲಾಗುತ್ತದೆ.

ಮಾತ್ರೆ ಬಿಟ್ಟವರು

"ಮಾತ್ರೆ ಅಭ್ಯಾಸ ಆಗೋಯ್ತದೆ ಕಣಣ್ಣ, ಅದ್ಕೆ ಬುಟ್ಬುಟ್ಟೆ" ಎಂದವರುಂಟು. ರೀಡಿಂಗು ಸರಿಬಂತೆಂದು ಬಿಟ್ಟವರುಂಟು, ಸರಿಬಂದದ್ದು ಮಾತ್ರೆಯಿಂದಲೇ ಎಂಬುದು ಹೊಳೆಯದೆ. ಹಿತ್ತಲಲ್ಲಿ ಇನ್ಸುಲಿನ್ ಗಿಡ ನೆಟ್ಟು ದಿನಕ್ಕೊಂದು ಎಲೆ ಅಗಿಯುವವರೂ ಹಾಗಲಕಾಯಿ ರಸ ಕುಡಿಯುವವರೂ ಇದ್ದಾರೆ. ಎಲೆ ತಿಂದಿದ್ದಕ್ಕಿಂತ ಅದನ್ನು ನಂಬಿ ಮಾತ್ರೆ ನಿಲ್ಲಿಸಿದ್ದು ಹೆಚ್ಚು ಅಪಾಯಕಾರಿ.

ಇನ್ಸುಲಿನ್ ಚುಚ್ಚುಮದ್ದು ಎಂದೊಡನೆ ಮನೆಯವರ ಮುಖ ಬಾಡುತ್ತದೆ, ಎಲ್ಲ ಮುಗಿಯಿತೆಂಬಂತೆ. ಕಾಯಿಲೆ ಪತ್ತೆಯಾಗುವ ಹೊತ್ತಿಗೇ ಇನ್ಸುಲಿನ್ ತಯಾರಿಸುವ ಶಕ್ತಿಯಲ್ಲಿ ಅರ್ಧದಷ್ಟು ಸೋರಿಹೋಗಿರುತ್ತದೆ ಎಂದು ಬ್ರಿಟನ್ನಿನ ದೊಡ್ಡ ಅಧ್ಯಯನ ತೋರಿಸಿದೆ. ಕೊರತೆ ಬಿದ್ದದ್ದನ್ನು ಹೊರಗಿನಿಂದ ತುಂಬುವುದೇ ಚುಚ್ಚುಮದ್ದು. 1922ರ ಜನವರಿಯಲ್ಲಿ ಟೊರಾಂಟೋದಲ್ಲಿ ಹದಿನಾಲ್ಕರ ಹುಡುಗ ಲಿಯೊನಾರ್ಡ್ ಥಾಂಪ್ಸನ್‌ಗೆ ಇದನ್ನು ಮೊದಲು ಕೊಟ್ಟರು. ಸಾಯಲಿದ್ದ ಹುಡುಗ ಮತ್ತೆ ಹದಿಮೂರು ವರ್ಷ ಬದುಕಿದ. ಇಂಥ ಮದ್ದನ್ನು ಜನ ಕೊನೆಯೆಂದು ಭಾವಿಸುವುದು ನನಗೆ ತುಂಬ ಸಂಕಟದ ಸಂಗತಿ.

ಇನ್ನೊಂದು ತುದಿಯ ಅಪಾಯವೂ ಇದೆ. ಶನಿವಾರದ ಒಪ್ಪತ್ತು, ಶಿವರಾತ್ರಿಯ ಉಪವಾಸ, ಹರಕೆ. ಮಾತ್ರೆ ಎಂದಿನಂತೆ ನುಂಗಿ ಊಟ ಬಿಟ್ಟರೆ ಸಕ್ಕರೆ 70ಕ್ಕಿಂತ ಕೆಳಗೆ ಜಾರಬಹುದು. ಬೆವರು, ನಡುಕ, ಎದೆಬಡಿತ, ತಲೆ ಸುತ್ತು. ಆಗ ಸಕ್ಕರೆಯೇ ಔಷಧಿ: ಮೂರು ಟೀ ಚಮಚ ನೀರಿಗೆ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ವ್ರತ ಮಾಡುವವರು ಮುಂಚೆಯೇ ವೈದ್ಯರನ್ನು ಕೇಳಿ ಮಾತ್ರೆಯ ಹೊತ್ತು ಬದಲಿಸಿಕೊಳ್ಳಬಹುದು.

ಪಾದ

ಆದಿಚುಂಚನಗಿರಿ ಬೆಟ್ಟವನ್ನು ಬರಿಗಾಲಲ್ಲಿ ಹತ್ತುವುದು ಭಕ್ತಿ. ಹೊಲದಲ್ಲಿ ಬರಿಗಾಲಲ್ಲಿ ನಿಲ್ಲುವುದು ವಾಡಿಕೆ. ವರ್ಷಗಟ್ಟಲೆ ಸಕ್ಕರೆ ಏರಿದ್ದವರ ಪಾದಕ್ಕೆ ಮುಳ್ಳು, ಬಿಸಿಕಲ್ಲು ಯಾವುದೂ ತಿಳಿಯುವುದಿಲ್ಲ. ಚಳಿಗಾಲದಲ್ಲಿ ಒಲೆಯ ಮುಂದೆ ಕಾಲು ಚಾಚಿ ಸುಟ್ಟುಕೊಂಡು, ಬೊಬ್ಬೆ ಕಂಡ ಮೇಲೆ ತಿಳಿದವರಿದ್ದಾರೆ. ಸಣ್ಣ ಗಾಯ ಹುಣ್ಣಾಗಿ, ಹುಣ್ಣು ಕೊಳೆತು, ಬೆರಳೋ ಪಾದವೋ ಹೋಗುವ ತನಕ ನೋವೇ ಇರುವುದಿಲ್ಲ. ರಾತ್ರಿ ಮಲಗುವ ಮುಂಚೆ ಅಂಗಾಲನ್ನು ನೋಡಿಕೊಳ್ಳಬೇಕು. ಬಗ್ಗಲಾಗದ ಹಿರಿಯರ ಪಾದವನ್ನು ಮೊಮ್ಮಕ್ಕಳು ನೋಡಬಹುದು. ಹೊಲಕ್ಕೆ ಮುಚ್ಚಿದ ಮೆಟ್ಟು, ವರ್ಷಕ್ಕೊಮ್ಮೆ ಪಾದ, ಕಣ್ಣು ಮತ್ತು ಮೂತ್ರದ ಪರೀಕ್ಷೆ ಬೇಕೇ ಬೇಕು.

ಒಬ್ಬರಿಗೆ ಬಂದರೆ

ಕೊನೆಗೂ ನನಗೆ ಒಗಟಾಗಿಯೇ ಉಳಿದದ್ದು ಮನೆಯ ನಡವಳಿಕೆ. ಮನೆಯಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಬಂದರೆ ಅವರ ತಟ್ಟೆಯನ್ನು ಬೇರೆ ಮಾಡುತ್ತಾರೆ. ಅವರಿಗೆ ಸಪ್ಪೆ ಟೀ, ಅರ್ಧ ಮುದ್ದೆ. ಉಳಿದವರಿಗೆ ಎಂದಿನ ಊಟ. ಆದರೆ ಆ ಉಳಿದವರು ಅವರ ಮಕ್ಕಳು, ಅದೇ ಒಲೆಯ ಊಟ ಉಂಡವರು, ಅದೇ ರಕ್ತ ಹಂಚಿಕೊಂಡವರು. ಚೆನ್ನೈನ ಪಟ್ಟಿ ಕೇಳಿದ ನಾಲ್ಕು ಪ್ರಶ್ನೆಗಳೂ ಮೈಸೂರಿನ ಹೆರಿಗೆ ದಾಖಲೆಯೂ ಒಂದೇ ಮಾತು ಹೇಳುತ್ತವೆ: ಈ ಕಾಯಿಲೆ ಪತ್ತೆಯಾಗುವುದು ಒಬ್ಬರಲ್ಲಿ, ಬೆಳೆಯುವುದು ಇಡೀ ಮನೆಯಲ್ಲಿ. ತಾಯಿಯ ಚೀಟಿ ಮಕ್ಕಳಿಗೆ ಬಂದ ಎಚ್ಚರಿಕೆ ಎಂದು ಎಷ್ಟು ಮನೆಗಳು ಓದುತ್ತವೆ?

ದಾರಿ ದೂರವೂ ಇಲ್ಲ. 30 ದಾಟಿದವರಿಗೆಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆ ಉಚಿತ. ಮನೆ ಬಾಗಿಲಿಗೇ ಬಂದು ಪರೀಕ್ಷಿಸುವ ಗೃಹ ಆರೋಗ್ಯ ಯೋಜನೆಯನ್ನು ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಿಂದ ಶುರುಮಾಡಿತು. ಆಶಾ ಕಾರ್ಯಕರ್ತೆ ಬಂದಾಗ ಸಿಗುವುದು ಹೆಚ್ಚಾಗಿ ಹೆಂಗಸರು ಮತ್ತು ಮುದುಕರು. ಹೊಲದಲ್ಲಿ, ಅಂಗಡಿಯಲ್ಲಿ, ಬೆಂಗಳೂರಿನ ಬಸ್ಸಿನಲ್ಲಿ ಇರುವ ಗಂಡಸರು ತಪ್ಪಿಹೋಗುತ್ತಾರೆ. ಅವರನ್ನು ಕರೆದುಕೊಂಡು ಹೋಗಬೇಕಾದವರು ಮನೆಯವರೇ.

ಆ ಇಬ್ಬರು ಹೆಂಗಸರಲ್ಲಿ ಯಾರಾದರೂ ಸಿಕ್ಕಿದರೆ ನಾನು ಹೇಳಬೇಕಾದದ್ದು ಇಷ್ಟೇ. ಅವ್ವ, ನಿನ್ನ ನಾಲಿಗೆಯದೇನೂ ತಪ್ಪಿಲ್ಲ. ಮಾತ್ರೆ ಬಿಡಬೇಡ, ಪಾದ ನೋಡಿಕೊ. ಮಗ ಸೊಸೆಯರ ರಕ್ತವನ್ನೂ ಈ ತಿಂಗಳೇ ಪರೀಕ್ಷೆ ಮಾಡಿಸು. ನಾಳೆಯಿಂದ ಮುದ್ದೆ ಚಿಕ್ಕದಾಗಿ ಕಟ್ಟು, ಕಾಳು ಸೊಪ್ಪಿನ ಪಲ್ಯ ಹೆಚ್ಚಾಗಿ ಮಾಡು, ನಿನಗೊಬ್ಬಳಿಗಲ್ಲ, ಮನೆಯಲ್ಲಿ ಉಣ್ಣಲು ಕೂರುವ ಎಲ್ಲರಿಗೂ.